ನೆರಳಿನ ವೇಳಾಪಟ್ಟಿ

ಫೆಬ್ರವರಿ ೨, ಸೋಮವಾರ

ಭಗವಂತನ ಕೃಪೆಯಿಂದ ‘ಕ್ಷಮಾಗುಣ ವಿವೇಚನೆ’ಯ ಎಂಟನೆಯ ಅಧ್ಯಾಯದ ಶುದ್ಧಪ್ರತಿ ಇಂದು ಪ್ರಾತಃಕಾಲದಲ್ಲಿ ಸಮಾಪ್ತವಾಯಿತು. ಹನ್ನೊಂದು ವರ್ಷಗಳ ಪರಿಶ್ರಮ. ಕ್ಷಮೆಯೆಂಬುದು ಕೇಳಿ ಕೊಡತಕ್ಕ ವಸ್ತುವಲ್ಲ, ಕೇಳುವ ಮೊದಲೇ ಕೊಟ್ಟಿರತಕ್ಕದ್ದು ಎಂಬುದನ್ನು ನಲವತ್ತು ದೃಷ್ಟಾಂತಗಳಿಂದ ಸ್ಥಾಪಿಸಿದ್ದೇನೆ. ನನ್ನ ನಿಯಮದಂತೆ ಕರಡುಗಳನ್ನು ಹರಿದುಹಾಕಿದೆ.

ಎಂದಿನಂತೆ ಹಿತ್ತಿಲಿನ ಪೂರ್ವದ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಗದ್ಯದ ಗತಿಗೆ ಕಿವಿಗಿಂತ ಮಿಗಿಲಾದ ಒರೆಗಲ್ಲಿಲ್ಲ. ಆ ಮೂಲೆಯಲ್ಲಿ ಪಾಚಿ, ಒಡೆದ ಬಕೆಟ್ಟು ಮತ್ತು ಕಾಲು ಮುರಿದ ಸ್ಟೂಲು ವಿನಾ ಬೇರೇನೂ ಇಲ್ಲವಾದ ಕಾರಣ ಅಲ್ಲಿ ಅಖಂಡವಾದ ಶಾಂತಿಯಿದೆ. ಏಕಾಂತದ ದೃಷ್ಟಿಯಿಂದಲೇ ಹನ್ನೊಂದು ವರ್ಷಗಳ ಹಿಂದೆ ಆ ಗೋಡೆಯನ್ನು ಹನ್ನೆರಡು ಸಾಲು ಇಟ್ಟಿಗೆ ಎತ್ತರಿಸಿದೆ. ಆಚೆಗೆ ನಮ್ಮ ತಂದೆಯವರ ಮನೆಯ ಇನ್ನೊಂದರ್ಧ. ಅದರ ಬಾಗಿಲು ಹಿಂದಿನ ಬೀದಿಗೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಅದು ಇಲ್ಲಿ ಅಪ್ರಸ್ತುತ.

ಒಳಗೆ ಬಂದಾಗ ಮನೆಯಾಕೆ, “ಮುಗೀತಾ ಗೋಡೆಗೆ ಪಾಠ?” ಎಂದಳು.

“ಗೋಡೆಯಾದರೂ ನಡುವೆ ಬಾಯಿ ಹಾಕುವುದಿಲ್ಲ,” ಎಂದೆ.

“ಬಾಯಿ ಇಲ್ಲದಿದ್ರೂ ಕಿವಿ ಇರುತ್ತಂತಲ್ರೀ,” ಎಂದು ಒಲೆಯ ಮೇಲಿನ ಪಾತ್ರೆಯನ್ನು ಕಲಕಿದಳು. ಅವಳ ಕೈಯಲ್ಲಿದ್ದ ಸೌಟು ನಮ್ಮದಲ್ಲ. ಹಿಡಿಗೆ ಕೆಂಪು ದಾರ ಸುತ್ತಿತ್ತು. ಕೇಳಬೇಕೆಂದುಕೊಂಡವನು ಮರೆತೆ.

ಫೆಬ್ರವರಿ ೮, ಭಾನುವಾರ

ಮನೆಯಾಕೆ ನನ್ನ ಅನುಮತಿಯಿಲ್ಲದೆ ನನ್ನ ಹೆಸರನ್ನು ಊರಿನ ಹಿತ್ತಿಲ ಬಳಗಕ್ಕೆ ಸೇರಿಸಿದ್ದಾಳೆ. “ಕೂತು ಕೂತು ಮಂಡಿ ಹಿಡ್ಕೊಂಡಿದೆ, ಡಾಕ್ಟರು ನಾಲ್ಕು ಹೆಜ್ಜೆ ಓಡಾಡಿ ಅಂದಿದ್ದಾರೆ,” ಎಂಬುದು ಅವಳ ಸಮರ್ಥನೆ. ಬಳಗದ ಪದ್ಧತಿ ವಿಚಿತ್ರವಾದದ್ದು. ಹೊಸದಾಗಿ ಸೇರಿದವರ ಹಿತ್ತಿಲಿನ ಅತ್ಯಂತ ಕೆಟ್ಟ ಮೂಲೆಯನ್ನು ಹಳಬರಲ್ಲಿ ಕೆಲವರು ಪ್ರತಿ ಭಾನುವಾರ ಬಂದು ಸರಿಪಡಿಸುತ್ತಾರೆ. ಮೂಲೆಯನ್ನು ಆರಿಸುವ ಹಕ್ಕು ಮನೆಯ ಒಡೆಯನಿಗಿಲ್ಲ. ಆಕ್ರಮಣಕ್ಕೆ ಇಷ್ಟು ಸೌಜನ್ಯದ ವೇಷ ತೊಡಿಸಿದ್ದನ್ನು ನಾನು ಇತಿಹಾಸದಲ್ಲಿಯೂ ಕಂಡಿಲ್ಲ.

ಬಂದವರು ಇಬ್ಬರು. ಬಳಗದ ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರು. ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಒಂದು ಕಟ್ಟು ಗೂಟ. ಇನ್ನೊಬ್ಬಾಕೆ ನಿವೃತ್ತ ನರ್ಸು. ಎಲ್ಲರೂ ನರ್ಸಮ್ಮ ಎನ್ನುತ್ತಾರೆ. ಆಕೆ ನನ್ನ ಮೂಲೆಯ ಮಣ್ಣನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವರಂತೆ ಕಣ್ಣು ಮುಚ್ಚಿ, “ಜೀವ ಇದೆ. ಆದ್ರೆ ಬಹಳ ವರ್ಷದಿಂದ ಯಾರೂ ಮಾತಾಡ್ಸಿಲ್ಲ,” ಎಂದರು.

“ಮೊದಲು ನೆರಳಿನ ವೇಳಾಪಟ್ಟಿ ಆಗ್ಬೇಕು ಪಂಡಿತರೇ,” ಎಂದರು ಸ್ಟೇಷನ್ ಮಾಸ್ಟರು. “ಪ್ರತಿ ಅರ್ಧ ಗಂಟೆಗೆ ನೆರಳು ಎಲ್ಲಿಗೆ ಬಂತೋ ಅಲ್ಲೊಂದು ಗೂಟ ಹೊಡೀರಿ. ಒಂದು ವಾರ. ಬಿಸಿಲು ಯಾವಾಗ ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಗೊತ್ತಿಲ್ದೆ ಗಿಡ ನೆಡೋದು ಅಂದ್ರೆ, ಗಾಡಿನೇ ಬರದ ಸ್ಟೇಷನ್ನಲ್ಲಿ ಟಿಕೆಟ್ ಮಾರಿದ ಹಾಗೆ.”

ಅರವತ್ತೊಂಬತ್ತು ವರ್ಷದ ವಿದ್ವಾಂಸನು ನೆರಳಿನ ಹಿಂದೆ ಗೂಟ ಹಿಡಿದು ನಡೆಯಬೇಕೆಂದಾಯಿತು. ಸಹನೆಯೂ ಕ್ಷಮೆಯ ಸೋದರಿಯೇ. ಒಪ್ಪಿದೆ.

ಫೆಬ್ರವರಿ ೧೫, ಭಾನುವಾರ

ವಾರವಿಡೀ ಒಂಬತ್ತನೆಯ ಅಧ್ಯಾಯದ ಒಂದು ಸಾಲನ್ನೂ ಬರೆಯಲಿಲ್ಲ. ವಾಕ್ಯದ ನಡುವೆ ಗಡಿಯಾರ ನೋಡಿ ಏಳುವುದೇ ಆಯಿತು.

ಸ್ಟೇಷನ್ ಮಾಸ್ಟರು ನನ್ನ ಗೂಟಗಳನ್ನು ಪರಿಶೀಲಿಸಿ, ಪುಸ್ತಕದಲ್ಲಿ ಗುರುತು ಹಾಕಿ, ಘೋಷಿಸಿದರು: “ಆಗಮನ ಹತ್ತು ನಲವತ್ತು. ನಿರ್ಗಮನ ಹನ್ನೊಂದು ಹತ್ತು. ಅರ್ಧ ಗಂಟೆ! ಇಷ್ಟರಲ್ಲಿ ಇಂಜಿನ್ನಿಗೆ ನೀರು ತುಂಬಬಹುದು, ಗಿಡಕ್ಕೆ ಹೊಟ್ಟೆ ತುಂಬಲ್ಲ. ಹನ್ನೊಂದು ಹತ್ತಕ್ಕೆ ಅಡ್ಡ ಬರೋದು ನಿಮ್ಮ ಮನೆ. ಅದನ್ನ ಒಡೆಯೋಕಾಗಲ್ಲ.” ಬಳಿಕ ಕೋಲಿನಿಂದ ಗೋಡೆಯನ್ನು ತಟ್ಟಿದರು. “ಬೆಳಗ್ಗೆ ಅಡ್ಡ ಬರೋದು ಇದು. ಇಲ್ಲಿವರೆಗೆ ಹಳೇ ಗೋಡೆ. ಮೇಲಿಂದು ಆಮೇಲೆ ಸೇರಿಸಿದ ಬೋಗಿ. ಬಿಚ್ಚಿಬಿಡಿ, ಲೈನ್ ಕ್ಲಿಯರ್.”

ಗೋಡೆಯ ವಿಷಯವನ್ನು ಬಿಟ್ಟು ಬೇರೆ ಏನನ್ನಾದರೂ ಚರ್ಚಿಸಬಹುದೆಂದೆ.

“ಯಾಕೆ ಎತ್ತರಿಸಿದ್ರಿ?” ಎಂದರು ನರ್ಸಮ್ಮ.

“ಗಾಳಿ,” ಎಂದೆ.

“ಆಚೆ ಕಡೆಯಿಂದ ಅಷ್ಟು ಗಾಳಿ ಬೀಸುತ್ತಾ?”

ಒಳಗಿನಿಂದ ಮನೆಯಾಕೆ, “ಒಂದೇ ಒಂದು ಸಲ ಬೀಸಿತ್ತು ನರ್ಸಮ್ಮಾ. ಇವರು ಇನ್ನೂ ಕಿಟಕಿ ತೆಗೆದಿಲ್ಲ,” ಎಂದಳು. ಹೆಂಗಸರಿಗೆ ರೂಪಕದ ಚಪಲ ಹೆಚ್ಚು.

ಫೆಬ್ರವರಿ ೨೨, ಭಾನುವಾರ

ಇಂದು ಕನ್ನಡಿಯ ಪ್ರಯೋಗ. ಗೋಡೆಯನ್ನು ಮುಟ್ಟದೆ ಬಿಸಿಲನ್ನು ತರಬೇಕೆಂಬ ನನ್ನ ಹಟಕ್ಕೆ ಸ್ಟೇಷನ್ ಮಾಸ್ಟರು ಕಂಡುಹಿಡಿದ ಉಪಾಯ ಇದು: ಬೀರುವಿನ ಕನ್ನಡಿಯನ್ನು ಕಳಚಿ ಮಹಡಿಯ ಮೇಲೆ ನಿಲ್ಲಿಸಿ ಸೂರ್ಯನನ್ನು ಮೂಲೆಗೆ ತಿರುಗಿಸುವುದು. “ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ,” ಎಂದು ಕೆಳಗಿನಿಂದ ಅವರು ಕೈ ಬೀಸುತ್ತಿದ್ದರು. ಮಹಡಿಯಲ್ಲಿ ಕನ್ನಡಿಯನ್ನು ತಬ್ಬಿಕೊಂಡಿದ್ದವನು ನಾನು. ಬೆಳಕು ಮೂಲೆಯನ್ನು ಬಿಟ್ಟು, ಗೋಡೆಯನ್ನು ದಾಟಿ, ನೇರವಾಗಿ ಆಚೆಯ ಅಡುಗೆಮನೆಯ ಕಿಟಕಿಯೊಳಗೆ ಹೋಯಿತು.

“ಯಾರೋ ಅದು, ನನ್ನ ಒಲೆ ಮೇಲೆ ಸೂರ್ಯನ್ನ ಇಳಿಸ್ತಿರೋದು?”

ಹನ್ನೊಂದು ವರ್ಷಗಳ ಮೇಲೆ ಕೇಳಿದ ಧ್ವನಿ. ಕನ್ನಡಿಯನ್ನು ಕೆಳಗಿಟ್ಟೆ, ಭಾರವಾಗಿತ್ತು. ಕೆಳಗಿಳಿದು ಬಂದು ನರ್ಸಮ್ಮನಿಗೆ, “ಇದು ಉದ್ದೇಶಪೂರ್ವಕವಲ್ಲವೆಂದು ತಿಳಿಸಿ,” ಎಂದೆ.

“ಬೇಕಂತ ಮಾಡಿದ್ದಲ್ವಂತೆ!” ಎಂದು ಆಕೆ ಗೋಡೆಯಾಚೆಗೆ ಕೂಗಿದರು.

“ಏನು?”

“ಬೇಕಂತ ಮಾಡಿದ್ದಲ್ವಂತೆ!”

“ಏನಮ್ಮಾ? ಗಟ್ಟಿಯಾಗಿ ಹೇಳು.”

ಮೂರನೆಯ ಸಲ ಮುಟ್ಟಿತು. ಆಚೆಯಿಂದ ಉತ್ತರ ಬಂತು: “ಅವನು ಬೇಕಂತ ಮಾಡಿದ್ದು ಗೋಡೆ ಒಂದೇ ಅಂತ ಹೇಳಮ್ಮ.”

ಹೊರಡುವಾಗ ನರ್ಸಮ್ಮ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ, “ನಿಮ್ಮ ಅಕ್ಕನಿಗೆ ಕಿವಿ ಹೋಗ್ತಾ ಇದೆ ಪಂಡಿತರೇ. ಈ ಥರದ್ದು ನಾನು ಬಹಳ ನೋಡಿದೀನಿ. ಇನ್ನೊಂದು ವರ್ಷ, ಹೆಚ್ಚು ಅಂದ್ರೆ ಒಂದೂವರೆ. ಆಮೇಲೆ ನೀವು ಬೈದ್ರೂ ಕೇಳ್ಸಲ್ಲ,” ಎಂದರು. ಎಪ್ಪತ್ತೆಂಟು ವರ್ಷಕ್ಕೆ ಕಿವಿ ಮಂದವಾಗುವುದು ಪ್ರಕೃತಿಧರ್ಮ. ಇದರಲ್ಲಿ ನನಗೆ ತಿಳಿಸತಕ್ಕದ್ದು ಏನಿದೆಯೋ ಅರ್ಥವಾಗಲಿಲ್ಲ.

ಫೆಬ್ರವರಿ ೨೩

ಬೆಳಗ್ಗೆ ಐದನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿದೆ. ಧ್ವನಿಯನ್ನು ತುಸು ಏರಿಸಿದೆ. ಗೋಡೆಯ ಪಾಚಿ ಶಬ್ದವನ್ನು ಹೀರುತ್ತದೆ.

ಮಾರ್ಚ್ ೧, ಭಾನುವಾರ

ಇಂದಿನ ದಿನವನ್ನು ನಾನು ಬದುಕಿರುವವರೆಗೆ ಮರೆಯಲಾರೆ.

ಬೆಳಗ್ಗೆ ಕ್ಷೌರಕ್ಕೆ ಹೋಗಿದ್ದೆ. ಹಿಂದಿರುಗುವಷ್ಟರಲ್ಲಿ ಮೂಲೆಯು ಗುರುತು ಸಿಗದಂತಾಗಿತ್ತು. ಪಾಚಿ ಹೋಗಿತ್ತು. ಕರಿಯ ಗೊಬ್ಬರ ಒಂದು ಗೇಣು ಹರಡಿತ್ತು. ನೆರಳನ್ನು ಸಹಿಸುವ ಜರಿಗಿಡಗಳ ನಾಲ್ಕು ಕುಂಡಗಳು ಬದಿಯಲ್ಲಿ ಕಾದಿದ್ದವು. ನರ್ಸಮ್ಮ ಹೆಮ್ಮೆಯಿಂದ ವಿವರಿಸಿದರು: ಕಳೆ ಏಳದಂತೆ ಮೊದಲು ಹಳೆಯ ಕಾಗದವನ್ನು ದಪ್ಪವಾಗಿ ಹಾಸಿ, ನೀರಿನಲ್ಲಿ ನೆನೆಸಿ, ಮೇಲೆ ಗೊಬ್ಬರ ಹಾಕಬೇಕು, ಕಾಗದ ಕೊಳೆತು ಮಣ್ಣಾಗುತ್ತದೆ.

“ಕಾಗದ ಎಲ್ಲಿಯದು?” ಎಂದೆ.

“ಹಿಂದಿನ ವರಾಂಡದ ಅಟ್ಟದ ಮೇಲಿತ್ತಲ್ಲ, ಹಳೇ ಪೇಪರಿನ ಕಟ್ಟು.”

ಹುಳುವಿನ ಭಯದಿಂದಲೂ ಮನೆಯಾಕೆಯ ಶುಚಿತ್ವದ ಭಯದಿಂದಲೂ ನಾನು ‘ಕ್ಷಮಾಗುಣ ವಿವೇಚನೆ’ಯ ಎಂಟೂ ಅಧ್ಯಾಯಗಳನ್ನು ಹಳೆಯ ಪತ್ರಿಕೆಗಳ ನಡುವೆ ಬಚ್ಚಿಟ್ಟಿದ್ದೆ. ಆ ಕಟ್ಟಿನಲ್ಲಿ.

ಸ್ಟೇಷನ್ ಮಾಸ್ಟರು ಸಮಾಧಾನದ ಧ್ವನಿಯಲ್ಲಿ, “ನಡುವೆ ಕೈಬರಹದ್ದೂ ಸಿಕ್ತು ಪಂಡಿತರೇ. ಪುಟದ ನಂಬರ್ ಇತ್ತು ನೋಡಿ, ನಂಬರ್ ಪ್ರಕಾರ ಸಾಲಾಗೇ ಹಾಸಿದೀನಿ. ಒಂದೂ ಹಿಂದೆಮುಂದೆ ಆಗಿಲ್ಲ,” ಎಂದರು.

ಆಗ ನನ್ನ ಬಾಯಿಂದ ಹೊರಟ ವಿಶೇಷಣಗಳನ್ನು ಇಲ್ಲಿ ದಾಖಲಿಸಲಾರೆ. ಕೆಲವು ನನಗೆ ಗೊತ್ತಿವೆಯೆಂದೇ ನನಗೆ ತಿಳಿದಿರಲಿಲ್ಲ. ಕೊನೆಗೆ, “ಈ ಜನ್ಮದಲ್ಲಿ ಮಾತ್ರವಲ್ಲ, ಇನ್ನು ಏಳು ಜನ್ಮದಲ್ಲಿಯೂ ನಿಮ್ಮನ್ನು ಕ್ಷಮಿಸಲಾರೆ!” ಎಂದೆ.

ನರ್ಸಮ್ಮ ಅಳುವ ಮುಖ ಮಾಡಿಕೊಂಡು, “ತಪ್ಪಾಯ್ತು ಸಾರ್... ಯಾವ ವಿಷಯದ ಪುಸ್ತಕ?” ಎಂದರು.

ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಕ್ಷಮೆ,” ಎಂದಳು.

ಯಾರೂ ನಗಲಿಲ್ಲ. ಅವರ ಸಂಯಮವನ್ನು ಒಪ್ಪಲೇಬೇಕು. ನಗು ಬಂದದ್ದು ಗೋಡೆಯಾಚೆಯಿಂದ. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವವರೆಗೆ, ಆಮೇಲೆ ಕೆಮ್ಮಿನ ನಡುವೆಯೂ. ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದೆನೆಂದು ಆಗ ತಿಳಿಯಿತು.

ಮಾರ್ಚ್ ೨

ಬರೆಯಲು ಮನಸ್ಸಿಲ್ಲ.

ಮಾರ್ಚ್ ೪, ಬುಧವಾರ

ಅಭ್ಯಾಸಬಲದಿಂದ ಬೆಳಗ್ಗೆ ಮೂಲೆಗೆ ಹೋಗಿ ನಿಂತೆ. ಕೈಯಲ್ಲಿ ಏನೂ ಇರಲಿಲ್ಲ. ನಿಂತೇ ಇದ್ದೆ.

“ಯಾಕೋ, ಇವತ್ತೂ ಓದಲ್ವಾ?”

ನಾನು ಹಿಂದೆ ತಿರುಗಿ ನೋಡಿದೆ.

“ನಿನ್ನನ್ನೇ ಕಣೋ ತಮ್ಮಾ. ಎರಡು ದಿನದಿಂದ ಸ್ಟೂಲ್ ಹಾಕ್ಕೊಂಡು ಕಾಯ್ತಿದೀನಿ. ಮಣ್ಣಿಗೆ ಹೋದ್ರೆ ಹೋಯ್ತು, ಬಾಯಿಪಾಠ ಇಲ್ವಾ?”

“ಯಾರು ಕೇಳು ಎಂದರು ನಿನಗೆ?” ಎಂದೆ. ಹನ್ನೊಂದು ವರ್ಷಗಳ ಮೌನವನ್ನು ಇದಕ್ಕಿಂತ ಉದಾತ್ತವಾದ ವಾಕ್ಯದಿಂದ ಮುರಿಯಬೇಕೆಂದು ನಾನು ಕೆಲವು ವಾಕ್ಯಗಳನ್ನು ಸಿದ್ಧಪಡಿಸಿಟ್ಟುಕೊಂಡಿದ್ದೆ. ಒಂದೂ ಒದಗಲಿಲ್ಲ.

“ಏನು?”

“ಯಾರು ಕೇಳು ಎಂದರು?” ಎಂದು ಕೂಗಿದೆ.

“ದಿನಾ ಬೆಳಗ್ಗೆ ಗೋಡೆಗೆ ಬಾಯಿಟ್ಟು ಕೂಗಿದ್ರೆ ಕೇಳದೆ ಏನ್ಮಾಡ್ಲಿ? ಮೊದಮೊದಲು ಅಡುಗೆಮನೆಗೇ ಕೇಳ್ತಿತ್ತು. ಆಮೇಲೆ ಹಿತ್ತಿಲಿಗೆ ಬಂದು ಕೂತೆ. ಈಗ ಗೋಡೆಗೆ ಕಿವಿ ಹಚ್ಚಿದ್ರೂ ಗುಂಯ್ ಅನ್ನುತ್ತೆ ಅಷ್ಟೆ. ಎಂಟನೇ ಅಧ್ಯಾಯ ಅರ್ಧಂಬರ್ಧ. ಹೋದ್ರೆ ಹೋಗ್ಲಿ ಬಿಡು, ಅದರಲ್ಲಿ ನೀನು ಏಳನೇದನ್ನೇ ತಿರುಗಿಸಿ ಹಾಕಿದ್ದೆ.”

ಈ ಆಕ್ಷೇಪ ನಿರಾಧಾರವಾದದ್ದು. ಪ್ರತಿ ಇಲ್ಲವಾದ್ದರಿಂದ ಅದನ್ನು ಸಾಬೀತುಪಡಿಸುವಂತಿಲ್ಲ.

“ಮಿಕ್ಕದ್ದು ನೆನಪಿದೆಯೇ?” ಎಂದೆ.

“ಚೆನ್ನಾಗಿರೋದೆಲ್ಲ ನೆನಪಿದೆ. ಒಂದೂವರೆ ಪುಟ ಆಗುತ್ತೆ.”

ಒಳಗೆ ಬಂದುಬಿಟ್ಟೆ. ದಿನಚರಿಗೆ ಸುಳ್ಳು ಹೇಳುವುದು ವ್ಯರ್ಥವಾದ್ದರಿಂದ ಇದನ್ನೂ ಬರೆದುಬಿಡುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ವಾಚನಾಲಯದ ಸಭೆಯಲ್ಲಿ ನಾನು ಕ್ಷಮೆಯ ಕುರಿತು ಉಪನ್ಯಾಸ ಕೊಟ್ಟೆ. ಎರಡು ಗಂಟೆ ಹತ್ತು ನಿಮಿಷವಾಗಿತ್ತು. ವಿಷಯವು ಆಗತಾನೆ ಶಿಖರಕ್ಕೆ ಏರುತ್ತಿತ್ತು. ಮೊದಲ ಸಾಲಿನಲ್ಲಿ ಕುಳಿತಿದ್ದ ಅಕ್ಕ ಎದ್ದು ನಿಂತು, “ತಮ್ಮಾ, ಎಲ್ಲರನ್ನೂ ಕ್ಷಮಿಸಿಬಿಡಪ್ಪ, ಮನೆಗೆ ಹೋಗ್ಲಿ,” ಎಂದಳು. ಸಭೆ ನಕ್ಕಿತು. ಎಷ್ಟು ಹೊತ್ತು ನಕ್ಕಿತೆಂದರೆ, ನಾನು ಕೆಳಗಿಳಿದು ಬಾಗಿಲು ದಾಟಿದರೂ ಕೇಳುತ್ತಿತ್ತು. ಮರುದಿನ ಗಾರೆಯವನನ್ನು ಕರೆಸಿದೆ.

ಮಾರ್ಚ್ ೯, ಸೋಮವಾರ

ಸಸ್ಯಗಳ ಹಿತವನ್ನು ಪರಿಗಣಿಸಿ, ಶುದ್ಧವಾಗಿ ವೈಜ್ಞಾನಿಕವಾದ ಕಾರಣಗಳಿಂದ, ಗೋಡೆಯ ಮೇಲಿನ ಎರಡು ಸಾಲು ಇಟ್ಟಿಗೆಯನ್ನು ತೆಗೆಸಲು ನಿಶ್ಚಯಿಸಿದೆ.

ಗಾರೆಯವನು ಅಂದಿನವನೇ. ಗೋಡೆಯನ್ನು ನೋಡಿ ತಲೆ ಕೆರೆದುಕೊಂಡ. “ಅವತ್ತೇ ಹೇಳಿದ್ದೆ, ಇಷ್ಟು ಎತ್ತರ ಬೇಡ ಅಂತ. ‘ನಗು ದಾಟಬಾರದು, ಅಷ್ಟು ಎತ್ತರ ಕಟ್ಟು’ ಅಂದ್ರಿ. ನಗು ಎಷ್ಟು ಅಡಿ ಹಾರುತ್ತೆ ಅಂತ ನನಗೇನು ಗೊತ್ತು ಸ್ವಾಮೀ?”

ಎರಡು ಸಾಲು ಇಳಿಯಿತು. ಸ್ಟೇಷನ್ ಮಾಸ್ಟರು (ಅವರೂ ನರ್ಸಮ್ಮನೂ ಬಂದಿದ್ದರು, ಏಳು ಜನ್ಮದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ) ಗಡಿಯಾರ ನೋಡಿ, “ಬರೀ ಹದಿನೈದು ನಿಮಿಷ ಮುಂಚೆ ಬಂತು,” ಎಂದರು. ಇನ್ನೆರಡು ತೆಗೆಸಿದೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಹತ್ತನೆಯದೋ ಹನ್ನೊಂದನೆಯದೋ ಸಾಲು ಇಳಿದಾಗ ಆಚೆ ಒಂದು ತಲೆ ಕಂಡಿತು.

ಪೂರ್ತಿ ಬೆಳ್ಳಗಾಗಿದೆ. ನನ್ನ ಮನಸ್ಸಿನಲ್ಲಿ ಅಕ್ಕನ ಕೂದಲು ಕಪ್ಪಾಗಿಯೇ ಇತ್ತು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದಳು. “ಅಯ್ಯೋ ತಮ್ಮಾ,” ಎಂದಳು, “ಇಷ್ಟು ಬೋಳಾಗಿಬಿಟ್ಟಿದೀಯಾ?”

“ಕಣ್ಣಿಗೆ ಧೂಳು ಹೋಗಿದೆ,” ಎಂದು ಒಳಗೆ ಬಂದೆ. ಹೋಗಿತ್ತು ಕೂಡ. ಇಟ್ಟಿಗೆಯ ಧೂಳು.

ಮಾರ್ಚ್ ೧೫, ಭಾನುವಾರ

ಆಗಮನ ೮-೦೫, ನಿರ್ಗಮನ ೧೧-೧೦. ಮೂರು ಗಂಟೆ ಐದು ನಿಮಿಷ. ಸ್ಟೇಷನ್ ಮಾಸ್ಟರು ನನ್ನ ಕೈ ಕುಲುಕಿದರು.

ಜರಿಗಿಡಗಳನ್ನು ಹಿಂದಕ್ಕೆ ಕಳುಹಿಸಿ ಹೂವಿನ ಗಿಡಗಳನ್ನು ತರಿಸಿದರು. ನಡುವೆ, ನಾಲ್ಕನೆಯ ಅಧ್ಯಾಯ ಇರತಕ್ಕ ಜಾಗದಲ್ಲಿ, ಗೊಬ್ಬರದಿಂದ ಎದ್ದ ಕುಂಬಳದ ಸಸಿಯೊಂದು ಎರಡು ಎಲೆ ಬಿಟ್ಟು ನಿಂತಿತ್ತು. ನರ್ಸಮ್ಮ, “ಇದು ಪ್ಲಾನಲ್ಲಿಲ್ಲ,” ಎಂದು ಕೀಳಲು ಬಗ್ಗಿದರು.

“ಮುಟ್ಟಬೇಡಿ,” ಎಂದೆ. “ಅದು ನನ್ನ ಗ್ರಂಥದ ಮೊದಲ ಓದುಗ.”

“ಎರಡನೇದು!” ಎಂದಳು ಗೋಡೆಯಾಚೆಯಿಂದ ಅಕ್ಕ. ಬೇಕಾದದ್ದು ಅವಳಿಗೆ ಕೇಳುತ್ತದೆ.

ಏಪ್ರಿಲ್ ೧೨

ಬೆಳಗ್ಗೆ ಎಂಟಕ್ಕೆ ಸ್ಟೂಲು ಹಾಕಿಕೊಂಡು ಕೂರುತ್ತೇವೆ, ನಾನು ಇತ್ತ, ಅವಳು ಅತ್ತ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ನಲವತ್ತು ದೃಷ್ಟಾಂತಗಳಲ್ಲಿ ಅವಳಿಗೆ ನೆನಪಿರುವುದು ಮೂರು. ಮಿಕ್ಕವನ್ನು ನಾನು ನೆನಪು ಮಾಡಿದರೆ, “ಅದಾ? ಅದು ಬಂದಾಗ ನಾನು ಒಳಗೆ ಹೋಗಿ ಪಾತ್ರೆ ತೊಳ್ಕೊಂಡು ಬರ್ತಿದ್ದೆ,” ಎನ್ನುತ್ತಾಳೆ. ನಾನು ಉತ್ತರ ಕೊಡಬೇಕಾದರೆ ಎದ್ದು, ಬಗ್ಗಿ, ಅವಳ ಎಡಗಿವಿಗೆ ಕೂಗಬೇಕು. ಮಂಡಿ ನೋವು ಕಡಿಮೆಯಾಗಿದೆ.

ಬಳ್ಳಿ ಗೋಡೆಯ ತಲೆ ಮುಟ್ಟಿತು.

ಮೇ ೧೦, ಭಾನುವಾರ

ಬಳ್ಳಿ ಆಚೆಗೆ ಇಳಿದು ಅಲ್ಲೇ ಕಾಯಿ ಬಿಟ್ಟಿದೆ. ಈಚೆಯ ಬದಿಗೆ ಒಂದೂ ಇಲ್ಲ. ಇಂದು ನೋಡಿದರೆ ಅಕ್ಕನ ಹಿತ್ತಿಲಿನ ದೊಡ್ಡ ಕಾಯಿ ಮಾಯ.

“ಬೇರು ನನ್ನದು,” ಎಂದೆ.

“ಕಾಯಿ ನನ್ನ ನೆಲದಲ್ಲಿತ್ತು.”

“ನನ್ನ ಗ್ರಂಥವನ್ನು ತಿಂದು ಬೆಳೆದದ್ದು!”

“ಅದಕ್ಕೇ ಇರ್ಬೇಕು, ಕೊಯ್ಯೋಕೆ ಹೋದ್ರೆ ಮುಗಿಯೋದೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋಳು ನಾನಲ್ಲ ಕಣೋ. ಹೌದು, ಕೊಯ್ದೆ. ಅರ್ಧ ಬೆಳಗ್ಗೆನೇ ನಿನ್ನ ಹೆಂಡ್ತಿಗೆ ಕೊಟ್ಟೆ. ನನ್ನ ಸೌಟು ಯಾವಾಗ ವಾಪಸ್ ಕೊಡ್ತಾಳಂತೆ, ಕೇಳು.”

ಮನೆಯಾಕೆಯನ್ನು ಕೇಳಿದೆ. “ಯಾವ ಸೌಟು? ಓ, ಅದಾ. ಅದು ಬಂದು ಐದಾರು ವರ್ಷ ಆಯ್ತಲ್ರೀ,” ಎಂದಳು. ಹಿಂದಿನ ಬೀದಿಗೆ ಇವಳು ದಿನವೂ ಯಾವ ದಾರಿಯಲ್ಲಿ ಹೋಗುತ್ತಿದ್ದಳೋ, ನಾನು ಯಾವ ಅಧ್ಯಾಯದಲ್ಲಿದ್ದೆನೋ.

ಮೇ ೨೪, ಭಾನುವಾರ

ಮೂಲೆ ಮುಗಿಯಿತೆಂದು ಇಂದು ಬಳಗದವರೆಲ್ಲ ಸೇರಿದ್ದರು. ಹದಿನೆಂಟು ಜನ. ಈಚೆ ಜಾಗ ಸಾಲದೆ ಕೆಲವರು ಅಕ್ಕನ ಹಿತ್ತಿಲಿನಲ್ಲಿ ಕುಳಿತರು. ಅವಳು ಗೋಡೆಗೆ ಮೊಣಕೈ ಊರಿ ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ಪದ್ಧತಿಯಂತೆ ಮನೆಯ ಒಡೆಯ ನಾಲ್ಕು ಮಾತಾಡಬೇಕಂತೆ. ‘ಕ್ಷಮಾಗುಣ ವಿವೇಚನೆ’ ಹೊರತೆಗೆದೆ. ಒಂದೂವರೆ ಪುಟ.

ಹತ್ತೂವರೆಗೆ ಶುರುಮಾಡಿದೆ. ಐದಾರು ಸಾಲು ಓದಿದೆ. ಬಿಸಿಲು ಏರಿತ್ತು, ಒಬ್ಬಿಬ್ಬರು ಕಾಲು ಬದಲಿಸಿದರು. ನರ್ಸಮ್ಮ ಕುಂಬಳದ ಎಲೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹನ್ನೊಂದು ವರ್ಷಗಳ ಹಿಂದೆ ನಾನು ಇವನ್ನೆಲ್ಲ ನೋಡಿರಲಿಲ್ಲವೆಂದು ತೋರುತ್ತದೆ. ಕಾಗದವನ್ನು ಮಡಿಸಿದೆ. “ಎಲ್ಲರನ್ನೂ ಕ್ಷಮಿಸಿದ್ದೇನೆ,” ಎಂದೆ. “ಮನೆಗೆ ಹೋಗಬಹುದು.”

ಜನ ನಕ್ಕರು. ಸ್ಟೇಷನ್ ಮಾಸ್ಟರು ಕೈ ಎತ್ತಿ ಹಸಿರು ಬಾವುಟ ಬೀಸುವಂತೆ ಬೀಸಿದರು. ನನಗೂ ನಗು ಬಂತು.

ಅಕ್ಕ ಮಾತ್ರ ನಗಲಿಲ್ಲ. ಕಿವಿಗೆ ಕೈ ಹಚ್ಚಿ ಆ ಕಡೆ ಈ ಕಡೆ ನೋಡಿದಳು. “ಏನಂದ ಇವನು? ಯಾಕೆ ಎಲ್ಲ ಏಳ್ತಿದೀರಿ? ಅಷ್ಟು ಬೇಗ ಮುಗಿಸಿಬಿಟ್ನಾ?” ಎಂದಳು. “ನನಗೊಂದಕ್ಷರ ಕೇಳ್ಸಿಲ್ಲ ಕಣೋ ತಮ್ಮಾ. ಮೊದಲಿಂದ ಓದು.”

ಜನ ಮತ್ತೆ ಕುಳಿತರು. ನಾನು ಗೋಡೆಗೆ ಒರಗಿ, ಅವಳ ಎಡಗಿವಿಯ ಹತ್ತಿರ ಬಗ್ಗಿ, ಮೊದಲ ಸಾಲಿನಿಂದ ಓದಿದೆ. ಅರ್ಧಕ್ಕೆ ಬಂದಾಗ ಅವಳು ಒಂದು ಪದ ತಿದ್ದಿದಳು. ತಿದ್ದಿಕೊಂಡು ಮುಂದುವರಿಸಿದೆ.

ದಾಖಲೆಗಾಗಿ: ೧೧-೧೦ಕ್ಕೆ ಬಿಸಿಲು ಹೊರಟಿತು. ಅಕ್ಕ ಕಿವಿಗೊಟ್ಟು ಕುಳಿತೇ ಇದ್ದಳು, ಏಳಲಿಲ್ಲ.